ದೆವ್ವದ ಮನೆಯ ರೊಟ್ಟಿ

ನಮ್ಮವ್ವ ನನ್ನ ಮನೆಗೆ ಬರುವಾಗ ತನ್ನ ನೀರನ್ನು ತಾನೇ ತರುತ್ತಿದ್ದಳು. ಒಂದು ಹಳೆಯ ಸ್ಟೀಲ್ ಬಾಟಲಿ, ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿಪುಡಿ. ಕೆ.ಆರ್. ಪುರದ ನನ್ನ ತಮ್ಮನ ಮನೆಯಿಂದ ಬಸ್ಸು ಬದಲಾಯಿಸಿಕೊಂಡು ಜೀವನ್ ಬಿಮಾ ನಗರಕ್ಕೆ ಬರುವಳು. ನನ್ನ ಸೋಫಾದ ಮೇಲೆ ಕಾಲು ಮಡಚಿ ಕೂರುವಳು, ನನ್ನ ಟಿವಿಯಲ್ಲಿ ಧಾರಾವಾಹಿ ನೋಡುವಳು, ನನ್ನನ್ನು ಮನಸಾರೆ ಬೈಯುವಳು. ಹಸಿವಾದಾಗ ಮಾತ್ರ ತನ್ನ ಗಂಟು ಬಿಚ್ಚಿ ತನ್ನ ರೊಟ್ಟಿ ತಿನ್ನುವಳು. ನಾನು ಮಾಡಿಟ್ಟ ಅನ್ನ, ಸಾರು ಪಾತ್ರೆಯಲ್ಲೇ ಆರುತ್ತಿತ್ತು. ಮೂವತ್ತು ವರ್ಷಕ್ಕೂ ಮೇಲೆ ಹೀಗೇ ನಡೆಯಿತು. ನನ್ನ ಕೈಯ ಒಂದು ತುತ್ತು ಅನ್ನ, ಒಂದು ಗುಟುಕು ನೀರು ಅವಳ ಗಂಟಲಿಗೆ ಇಳಿಯಲಿಲ್ಲ.

ನನಗೆ ಬೇಕಾದದ್ದೆಲ್ಲ ಹೆಚ್ಚುಕಮ್ಮಿ ಸಿಕ್ಕಿದೆ. ಸಿಕ್ಕಿದೆ ಅಂದರೆ ಯಾರೋ ಕೊಟ್ಟರು ಅಂತಲ್ಲ, ನಾನೇ ಕಿತ್ತುಕೊಂಡೆ. ಇದೊಂದನ್ನು ಕಿತ್ತುಕೊಳ್ಳಲು ಆಗಲಿಲ್ಲ. ಅವ್ವ ನನ್ನ ಮನೆಯಲ್ಲಿ ಒಂದು ಹೊತ್ತು ಉಣ್ಣಬೇಕು ಅಂತ ನಾನು ಆಸೆಪಟ್ಟಷ್ಟು ಬೇರೆ ಯಾವುದಕ್ಕೂ ಆಸೆಪಟ್ಟವಳಲ್ಲ.

ಕಾರಣ ನನಗೆ ಗೊತ್ತಿದೆ ಎಂದೇ ತಿಳಿದಿದ್ದೆ. ನಾನು ದೆವ್ವದ ಸಿನಿಮಾದ ನಟಿ. ಅದಕ್ಕೂ ಮೊದಲು ಕ್ಯಾಲೆಂಡರಿನ ಹುಡುಗಿ. ಲಾರಿಯ ಕ್ಯಾಬಿನ್ನು, ಕಟಿಂಗ್ ಶಾಪು, ಪಂಕ್ಚರ್ ಅಂಗಡಿ, ಗಂಡಸರ ರೂಮು, ಇಲ್ಲೆಲ್ಲ ವರ್ಷವಿಡೀ ಗೋಡೆಗೆ ನೇತುಬಿದ್ದವಳು. ಅಂಥ ಮಗಳ ಸಂಪಾದನೆಯ ಅನ್ನ ಅವ್ವನಿಗೆ ಹೇಸಿಗೆ ಅಂದುಕೊಂಡಿದ್ದೆ. ಅಂದುಕೊಂಡು ಅಂದುಕೊಂಡು ಎದೆಯಲ್ಲಿ ಒಂದು ಕಲ್ಲೇ ಕೂತಿತ್ತು.

ಅಪ್ಪ ತೀರಿಕೊಂಡ ಮೇಲೆ ಅವ್ವ ಕಲಬುರಗಿ ಕಡೆಯ ಹಳ್ಳಿಯಿಂದ ನಮ್ಮಿಬ್ಬರನ್ನೂ ಕರೆದುಕೊಂಡು ಜೋಗುಪಾಳ್ಯಕ್ಕೆ ಬಂದಳು. ಒಂದೇ ಕೋಣೆ, ನಲ್ಲಿ ಹೊರಗೆ. ನಮ್ಮ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಗಂಡಸರು ಸುತ್ತಮುತ್ತ ರೂಮು ಮಾಡಿಕೊಂಡಿದ್ದರು. ಅವರಿಗೆ ಮುದ್ದೆ ಇಳಿಯದು, ಬರೀ ಅನ್ನ ತಡೆಯದು. ಅವ್ವ ರೊಟ್ಟಿ ತಟ್ಟಿ ಮಾರತೊಡಗಿದಳು. ಬೆಳಗಿನ ಜಾವ ಅವಳ ಅಂಗೈ ಸದ್ದಿಗೇ ನಾವು ಏಳುತ್ತಿದ್ದದ್ದು. ರೊಟ್ಟಿ ಕೊಡಲು ಹೋದಾಗ ಯಾವನಾದರೂ ಅಡ್ಡ ಮಾತಾಡಿದರೆ ಅವ್ವ ಬೈಯುತ್ತಿರಲಿಲ್ಲ, ನಗುತ್ತಿದ್ದಳು. ಮೊದಲು ಮೂಗಿನಲ್ಲಿ ಸಣ್ಣಗೆ, ಆಮೇಲೆ ಹೊಟ್ಟೆಯಿಂದ, ಕೊನೆಗೆ ಇಡೀ ಓಣಿಗೆ ಕೇಳುವ ಹಾಗೆ. ಆ ನಗೆ ಕೇಳಿದವನು ಚಪ್ಪಲಿ ಮೆಟ್ಟುವುದನ್ನೂ ಮರೆತು ಜಾಗ ಖಾಲಿ ಮಾಡುತ್ತಿದ್ದ. ಆ ನಗೆಯನ್ನು ನಾನು ಕದ್ದೆ, ಅದರಿಂದಲೇ ಬದುಕಿದೆ. ಅದನ್ನು ಮುಂದೆ ಹೇಳುತ್ತೇನೆ.

ಅವ್ವನ ಹಠದ ಬಗ್ಗೆಯೂ ಒಂದು ಮಾತು ಹೇಳಿಬಿಡಬೇಕು. ತಮ್ಮನಿಗೆ ಕಾಮಾಲೆ ಆಗಿ ಅವನು ಹಳದಿ ತಿರುಗಿದ್ದಾಗ, ಅವ್ವ ಇದ್ದಕ್ಕಿದ್ದಂತೆ ಬದನೆಕಾಯಿ ತಿನ್ನುವುದನ್ನು ಬಿಟ್ಟಳು. ನಮ್ಮ ಕಡೆಯವರಿಗೆ ರೊಟ್ಟಿಯ ಜತೆ ಎಣ್ಣೆಗಾಯಿ ಇಲ್ಲದಿದ್ದರೆ ಅದು ಊಟವೇ ಅಲ್ಲ. ಅದರಲ್ಲೂ ಅವ್ವನಿಗೆ ಬದನೆಕಾಯಿ ಅಂದರೆ ಪ್ರಾಣ. ಯಾಕೆ ಬಿಟ್ಟೆ ಅಂತ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಅವನು ಎದ್ದು ಶಾಲೆಗೆ ಹೋದ ದಿನ ಸಂಜೆ ಒಂದು ಬುಟ್ಟಿ ಬದನೆಕಾಯಿ ತಂದು ಎಣ್ಣೆಗಾಯಿ ಮಾಡಿ, ಓಣಿಯವರಿಗೆಲ್ಲ ಹಂಚಿ, ಆಮೇಲೆ ಹರಕೆಯ ವಿಷಯ ಹೇಳಿದಳು.

ನಾನು ಶಿವಾಜಿನಗರದ ಒಂದು ಟೈಲರ್ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಿದ್ದೆ. ಅದರ ಮೇಲಿನ ಮಹಡಿಯಲ್ಲಿ ಒಂದು ಫೋಟೋ ಸ್ಟುಡಿಯೋ. ಅಲ್ಲಿನ ಸಾಬರು ಕ್ಯಾಲೆಂಡರಿಗೆ ಫೋಟೋ ತೆಗೆದು, ಬ್ರಷ್ ಹಿಡಿದು ಬಣ್ಣ ತುಂಬಿ, ಹಲಸೂರಿನ ಪ್ರೆಸ್ಸುಗಳಿಗೆ ಕೊಡುತ್ತಿದ್ದರು. ಮಾಡೆಲ್‌ಗಳ ಬಟ್ಟೆ ಹೊಲಿಯುವುದು ನನ್ನ ಪಾಲಿಗೆ ಬಂತು. ಒಂದು ದಿನ ಬಟ್ಟೆ ಸಿದ್ಧವಾಗಿದೆ, ಲೈಟು ಹಾಕಿದ್ದಾರೆ, ಹುಡುಗಿ ಮಾತ್ರ ಪತ್ತೆಯಿಲ್ಲ.

"ಅರೆ ಬೇಟಿ, ನೀನು ಸ್ವಲ್ಪ ನಿಂತ್ಕೋ, ಲೈಟ್ ನೋಡ್ಕೋತೀನಿ" ಅಂದರು ಸಾಬರು.

ನಿಂತೆ. ಕ್ಯಾಮೆರಾ ಎಂಬುದು ನನಗೆ ಹೊಸದು. ಗುಮ್ಮನ ಹಾಗೆ ನಿಂತಿದ್ದ ಅದನ್ನು ದುರುಗುಟ್ಟಿ ನೋಡಿದೆ. ಫೋಟೋ ತೊಳೆದು ಬಂದ ಮೇಲೆ ಸಾಬರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಎಲ್ಲಾ ಹುಡ್ಗೀರೂ ಕಣ್ಣು ಕೆಳಗೆ ಹಾಕ್ತಾರೆ. ನೀನು ಜಗಳಕ್ಕೆ ಬಂದಂಗೆ ನೋಡ್ತೀಯಾ. ಇದು ಓಡ್ತದೆ ನೋಡು" ಅಂದರು. ಓಡಿತು. ಆ ವರ್ಷ ಟೈರ್ ಕಂಪನಿಯ ಕ್ಯಾಲೆಂಡರಿನಲ್ಲಿ ಟೈರಿಗೆ ಒರಗಿ ನಿಂತ ನಾನು ಎಷ್ಟು ಲಾರಿಗಳಲ್ಲಿ ದೇಶ ಸುತ್ತಿದೆನೋ ನನಗೇ ಗೊತ್ತಿಲ್ಲ.

ಆಮೇಲೆ ಯಾರ ಮರ್ಜಿಯನ್ನೂ ಕಾಯಲಿಲ್ಲ. ನನ್ನ ಬಟ್ಟೆ ನಾನೇ ಹೊಲಿದೆ. ಎಷ್ಟು ತೋರಿಸಬೇಕು, ಎಲ್ಲಿಗೆ ನಿಲ್ಲಿಸಬೇಕು ಅನ್ನುವುದನ್ನು ನನ್ನ ಕತ್ತರಿ ತೀರ್ಮಾನಿಸುತ್ತಿತ್ತು, ಪ್ರೆಸ್ಸಿನ ಮಾಲೀಕನಲ್ಲ. ಕಣ್ಣು ತಗ್ಗಿಸುವ ಫೋಟೋ ಕೊಡುವುದಿಲ್ಲ ಅಂದೆ. ಯಾರ ಕಾರಿನಲ್ಲೂ ಹತ್ತುವುದಿಲ್ಲ, ಬಸ್ಸಿನಲ್ಲೇ ಬರುತ್ತೇನೆ, ಬಸ್ಸಿನಲ್ಲೇ ಹೋಗುತ್ತೇನೆ ಅಂದೆ. "ಭಾರಿ ಧಿಮಾಕು ಈಕೆಗೆ" ಅಂದವರು ಇದ್ದರು. ಧಿಮಾಕಿಲ್ಲದಿದ್ದರೆ ಆ ಕೆಲಸದಲ್ಲಿ ಹೆಣ್ಣುಮಗಳು ಒಂದು ವಾರ ಉಳಿಯುತ್ತಿದ್ದಳೇ, ನೀವೇ ಹೇಳಿ.

ಸ್ಟುಡಿಯೋದಲ್ಲಿ ಎರಡು ಥರದ ಮಾಲು. ಒಂದು ಹುಡುಗಿ ಮಾಲು, ಇನ್ನೊಂದು ದೇವರ ಮಾಲು. ಎರಡಕ್ಕೂ ಮುಖ ಒಂದೇ. ಬೆಳಿಗ್ಗೆ ಒದ್ದೆ ಸೀರೆಯಲ್ಲಿ ನಿಂತವಳಿಗೆ ಮಧ್ಯಾಹ್ನ ಜರಿ ಸೀರೆ ಉಡಿಸಿ, ಕೈ ಎತ್ತಿಸಿ, ಇನ್ನೊಂದು ಫೋಟೋ. ಸಾಬರು ಅದರ ಮೇಲೆ ಕಿರೀಟ, ಮೂಗುಬೊಟ್ಟು, ಇನ್ನೆರಡು ಕೈ, ಕೆಳಗೊಂದು ಸಿಂಹ ಬರೆಯುತ್ತಿದ್ದರು. ದೇವಿಯನ್ನು ಬರೆಯುವ ದಿನ ಅವರು ಮಾಂಸ ಮುಟ್ಟುತ್ತಿರಲಿಲ್ಲ. "ನೀನು ನೇರ ನೋಡ್ತೀಯಲ್ಲ ಬೇಟಿ, ದೇವಿ ಹಂಗೇ ನೋಡ್ಬೇಕು" ಅನ್ನುತ್ತಿದ್ದರು. ಒಂದೇ ಅಂಗಡಿಯವನು ಒಂದೇ ದಿನ ಎರಡನ್ನೂ ಕೊಂಡು, ಒಂದನ್ನು ಗಲ್ಲಾದ ಮೇಲೆ, ಇನ್ನೊಂದನ್ನು ಗೋಡೌನಿನಲ್ಲಿ ತೂಗು ಹಾಕುತ್ತಿದ್ದ. ಒಂದಕ್ಕೆ ಊದುಬತ್ತಿ, ಇನ್ನೊಂದಕ್ಕೆ ಬೀಡಿ ಹೊಗೆ.

ಮನೆಯಲ್ಲಿ ಹೇಳಿರಲಿಲ್ಲ. ಒಂದು ಸಂಜೆ ಅವ್ವ ಒಂದು ರೂಮಿಗೆ ರೊಟ್ಟಿ ಕೊಡಲು ಹೋದಳು. ಒಳಗೆ ಹಾಸಿಗೆಯ ಮೇಲಿನ ಗೋಡೆಯಲ್ಲಿ ನಾನು, ಟೈರಿಗೆ ಒರಗಿ. ಬಾಗಿಲ ಪಕ್ಕದಲ್ಲಿ ಸಿಂಹದ ಮೇಲೆ ಕೂತ ದೇವಿ, ಅದೂ ನಾನೇ. ಅಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಅವ್ವ ದೇವಿಯ ಕ್ಯಾಲೆಂಡರನ್ನು ಕೇಳಿ ಇಸಿದುಕೊಂಡು, ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದಳು. ನಾನು ಅನ್ನ ಮಾಡಿ ಕಾಯುತ್ತಿದ್ದೆ. ಅವಳು ಮೊಳೆ ಹೊಡೆದು ದೇವಿಯನ್ನು ತೂಗು ಹಾಕಿದಳು. ದೀಪ ಹಚ್ಚಿ, ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಳು. ತಿರುಗಿ ನನ್ನನ್ನು ನೋಡಿದಳು.

"ನೀ ದುಡಿ, ನೀ ಉಣ್ಣು. ಇವತ್ತಿನಿಂದ ನಿನ್ನ ಅನ್ನ ನೀರು ನನಗ ಬ್ಯಾಡ."

ಅಷ್ಟೇ. ಹೊಡೆಯಲಿಲ್ಲ, ಅಳಲಿಲ್ಲ. ಕೆಲಸ ಬಿಡು ಅಂತಲೂ ಅನ್ನಲಿಲ್ಲ. ಒಂದೇ ಕೋಣೆಯಲ್ಲಿ ಎರಡು ಒಲೆ ಆದವು. ತಮಾಷೆ ನೋಡಿ, ನನ್ನ ಅನ್ನ ಬೇಡವೆಂದವಳು ದಿನಾ ಬೆಳಿಗ್ಗೆ ನನ್ನದೇ ಮುಖಕ್ಕೆ ಹೂವೇರಿಸಿ ಕೈ ಮುಗಿಯುತ್ತಿದ್ದಳು. ಅದು ನಾನೇ ಅಂತ ಹೇಳಲು ಬಾಯಿವರೆಗೆ ಬರುತ್ತಿತ್ತು. ಹೇಳಿದರೆ ಅವಳು ಆ ಪಟವನ್ನೂ ಕಿತ್ತೆಸೆದರೆ? ದೇವಿಯಾಗಿಯಾದರೂ ಅವಳ ಮನೆಯಲ್ಲಿ ಇರೋಣ ಅಂತ ಸುಮ್ಮನಾದೆ.

ಸಿನಿಮಾ ಬಂದದ್ದು ಆಮೇಲೆ. ಸಾಬರ ಪರಿಚಯದವರೊಬ್ಬರು ಸಣ್ಣ ಬಂಡವಾಳದಲ್ಲಿ ದೆವ್ವದ ಚಿತ್ರ ತೆಗೆಯುತ್ತಿದ್ದರು. ರಿಚರ್ಡ್ಸ್ ಟೌನಿನ ಒಂದು ಹಳೆಯ ಬಂಗಲೆ. ರಾತ್ರಿ ಬಾಡಿಗೆ ಜಾಸ್ತಿ ಅಂತ ಹಗಲಲ್ಲೇ ಕಿಟಕಿಗಳಿಗೆ ಕಪ್ಪು ಬಟ್ಟೆ ಬಿಗಿದು ರಾತ್ರಿ ಮಾಡಿದ್ದರು. ನಾನು ದೆವ್ವ. ಬಿಳಿ ಸೀರೆ ಕೊಟ್ಟರು. ಎಲ್ಲಾ ದೆವ್ವಗಳೂ ಬಿಳಿ ಸೀರೆ ಉಟ್ಟರೆ ನನ್ನನ್ನು ಯಾರು ಗುರುತಿಸುತ್ತಾರೆ ಅಂತ ಜಗಳವಾಡಿ ಕೆಂಪು ಸೀರೆ ತರಿಸಿಕೊಂಡೆ, ಅದರ ರವಿಕೆ ನಾನೇ ಹೊಲಿದುಕೊಂಡೆ. ರಕ್ತಕ್ಕೆ ರೋಸ್ ಶರಬತ್ತು. ಅದು ಗದ್ದದಿಂದ ಕುತ್ತಿಗೆಗೆ ಇಳಿದು, ಶಾಟ್ ಸಿದ್ಧವಾಗುವಷ್ಟರಲ್ಲಿ ಇರುವೆಗಳ ಮೆರವಣಿಗೆ.

ಬಾಯಿ ತೆರೆದು ಮೊದಲ ಡೈಲಾಗ್ ಹೇಳಿದೆನೋ ಇಲ್ಲವೋ, ನಿರ್ದೇಶಕರು ತಲೆ ಮೇಲೆ ಕೈ ಹೊತ್ತರು. "ಏನಮ್ಮಾ ನಿನ್ನ ಭಾಷೆ! ಬೆಂಗ್ಳೂರು ದೆವ್ವ ಕಲಬುರ್ಗಿ ಕನ್ನಡ ಮಾತಾಡುತ್ತಾ? ಡೈಲಾಗ್ ಎಲ್ಲಾ ತೆಗೆದುಬಿಡ್ತೀನಿ. ಏನಾದ್ರೂ ಮಾಡು, ಜನ ಹೆದರ್ಬೇಕು."

ಅವಮಾನದಿಂದ ಕಿವಿ ಬಿಸಿಯಾಯಿತು. ಆಗ ನೆನಪಾದದ್ದು ಅವ್ವ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ, ಕೊನೆಗೆ ಓಣಿಗೆಲ್ಲ ಕೇಳುವ ಹಾಗೆ ನಕ್ಕೆ. ಲೈಟ್ ಹಿಡಿದಿದ್ದವನು ಲೈಟನ್ನೇ ಕೈಬಿಟ್ಟ. ಅಲ್ಲಿಂದ ಎಷ್ಟೋ ಚಿತ್ರಗಳಲ್ಲಿ ನಾನು ಒಂದು ಮಾತೂ ಆಡದೆ ಬರೀ ನಕ್ಕೆ. ಮಾತಿಲ್ಲದ ದೆವ್ವವಾದ್ದರಿಂದ ತಮಿಳಿಗೆ, ತೆಲುಗಿಗೆ ಡಬ್ ಮಾಡುವ ಖರ್ಚೂ ಇಲ್ಲ. ನಿರ್ಮಾಪಕರು ಹುಡುಕಿಕೊಂಡು ಬಂದರು. ಪತ್ರಿಕೆಯವರು ಬರೆಯಲಿಲ್ಲ, ಪ್ರಶಸ್ತಿಯವರು ಕರೆಯಲಿಲ್ಲ. ಮದುವೆಯ ಮಾತು ತಂದವರಿಗೆಲ್ಲ ನಾನು ಕೆಲಸ ಬಿಡಬೇಕಿತ್ತು, ಆದ್ದರಿಂದ ಅವರನ್ನು ಬಾಗಿಲಲ್ಲೇ ಬಿಟ್ಟೆ. ನಕ್ಕು ನಕ್ಕು ಜೀವನ್ ಬಿಮಾ ನಗರದಲ್ಲಿ ಒಂದು ಚಿಕ್ಕ ಮನೆ ಕೊಂಡೆ. ಗೃಹಪ್ರವೇಶಕ್ಕೆ ಅವ್ವ ಬಂದಳು, ಹಾಲುಕ್ಕಿಸಿದಳು, ಎಲ್ಲರಿಗೂ ಬಡಿಸಿದಳು. ತಾನು ಹೊರಗೆ ಮೆಟ್ಟಿಲ ಮೇಲೆ ಕೂತು ತನ್ನ ಬಾಟಲಿಯ ನೀರು ಕುಡಿದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಸಿನಿಮಾ ನಿಂತು ಎಷ್ಟೋ ಕಾಲವಾಯಿತು. ಮನೆಯಲ್ಲೇ ಮಷೀನ್ ಹಾಕಿಕೊಂಡು ರವಿಕೆ ಹೊಲಿಯುತ್ತೇನೆ. ಹೋದ ವರ್ಷ ಅವ್ವ ಬಚ್ಚಲಲ್ಲಿ ಜಾರಿ ಮಂಡಿ ಪೆಟ್ಟು ಮಾಡಿಕೊಂಡಳು. ತಮ್ಮನ ಮನೆ ಮೂರನೇ ಮಹಡಿ, ಲಿಫ್ಟಿಲ್ಲ. ಹೀಗಾಗಿ ನನ್ನ ಮನೆಗೇ ಬಂದಳು, ಇರಲು. ಬರುವಾಗ ಒಂದು ಚಿಕ್ಕ ಗ್ಯಾಸ್ ಒಲೆ, ತನ್ನ ಹಂಚು, ತನ್ನ ಹಿಟ್ಟಿನ ಡಬ್ಬಿ, ಚೌಕಟ್ಟು ಹಾಕಿಸಿದ ಅದೇ ದೇವಿಯ ಪಟ. ನನ್ನ ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿ ತನ್ನದೊಂದು ಸಂಸಾರ ಹೂಡಿದಳು. ಹಿಟ್ಟು ಅವಳ ವಿಧವಾ ಪಿಂಚಣಿಯ ದುಡ್ಡಿನದು.

"ನೀರು?" ಅಂದೆ ನಾನು. ಸ್ವಲ್ಪ ಆಸೆಯಿಂದಲೇ ಕೇಳಿದೆ. ಇಲ್ಲಾದರೂ ಸಿಕ್ಕಿಬೀಳುತ್ತಾಳೆ ಅಂತ.

"ಕಾವೇರಿ ನೀರು ಸರ್ಕಾರದ್ದದ. ನಿಂದೇನದ ಅದ್ರಾಗ? ನಿನ್ನ ಸಂಪಿನಾಗ ಬೀಳೂಕಿಂತ ಮೊದಲ ಹಿಡ್ಕೊಂಡ ಬಿಡ್ತೀನಿ" ಅಂದಳು. ಅಂದ ಹಾಗೇ ಗೇಟಿನ ಬಳಿಯ ನಲ್ಲಿಯಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದಳು.

ಅವಳು ಮಾಡಿದ್ದನ್ನು ನನಗೆ ಕೊಡುತ್ತಿದ್ದಳು, ಅದಕ್ಕೇನೂ ತಕರಾರಿಲ್ಲ. ಬಿಸಿ ರೊಟ್ಟಿಯನ್ನು ಅಡುಗೆಮನೆಯ ಕಿಟಕಿಯಿಂದ ತೂರಿ, "ತಗೋ, ತಿನ್ನು, ಬಡಕಲಾಗೀದಿ" ಅನ್ನುತ್ತಿದ್ದಳು. ನಾನು ಕೊಟ್ಟರೆ ಇಲ್ಲ. ಒಮ್ಮೆ ಅವಳ ಡಬ್ಬಿಯಲ್ಲಿ ಹಿಟ್ಟು ತಳ ಕಂಡಾಗ ನನ್ನ ಡಬ್ಬಿಯದನ್ನು ಗುಟ್ಟಾಗಿ ಸುರಿದೆ. ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ, ಮೂಸಿ, "ಇದು ಪಾಕೀಟಿನ ಹಿಟ್ಟದ, ನಂದಲ್ಲ" ಅಂದವಳೇ ಆ ದಿನವೆಲ್ಲ ಬರೀ ಚುರುಮುರಿ ತಿಂದು ಕೂತಳು. "ಏನು ಹೇಸಿಗೆ ಅವ್ವಾ ನಿನಗೆ ನನ್ನ ಮೇಲೆ, ಬಾಯಿಬಿಟ್ಟು ಹೇಳಿಬಿಡು" ಅಂತ ಕೂಗಾಡಿದೆ. ಅವಳು ಟಿವಿಯ ಸದ್ದು ಜೋರು ಮಾಡಿದಳು.

ಹೀಗಿರುವಾಗ ಒಂದು ಬೆಳಿಗ್ಗೆ ತರಕಾರಿ ಗಾಡಿಯ ಹತ್ತಿರ ನಿಂತಿದ್ದೆ. ಗಾಡಿಯವನು ಬೀನ್ಸಿನ ಬೆಲೆ ಹೇಳಿದ. ಆ ಬೆಲೆಗೆ ಬೈಯಬೇಕೆನಿಸಲಿಲ್ಲ, ನಗು ಬಂತು. ನಕ್ಕೆ. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಕೈಯಲ್ಲಿದ್ದ ಕೊತ್ತಂಬರಿ ಕಟ್ಟು ಬೀಳಿಸಿದಳು.

"ಮೇಡಂ, ಸಾರಿ, ನೀವು... ಆ ಕೆಂಪು ಸೀರೆ ದೆವ್ವ ಅಲ್ವಾ? ಅಯ್ಯೋ ದೇವ್ರೇ, ನನ್ ಫೋನ್ ರಿಂಗ್‌ಟೋನೇ ನಿಮ್ ನಗು!"

ದಾವಣಗೆರೆಯ ಕಡೆಯವಳು, ಇಲ್ಲಿ ಆಫೀಸಿನ ಕೆಲಸ. ಅವಳೂ ಅವಳ ಸ್ನೇಹಿತರೂ ನನ್ನ ಚಿತ್ರಗಳನ್ನೆಲ್ಲ ಹುಡುಕಿ ಹುಡುಕಿ ನೋಡಿದ್ದರಂತೆ. "ನೀವು ಕಲ್ಟ್ ಮೇಡಂ" ಅಂದಳು.

"ಹಂಗಂದ್ರೆ ಏನಮ್ಮಾ? ಬೈಗುಳಾನಾ?"

"ಅಯ್ಯೋ ಅಲ್ಲ! ಕಲ್ಟ್ ಅಂದ್ರೆ... ನೋಡೋರು ಕಮ್ಮಿ, ಪ್ರೀತಿ ಜಾಸ್ತಿ."

ಇಂದಿರಾನಗರದ ಒಂದು ಹಳೆಯ ಮನೆಯ ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ನನ್ನದೊಂದು ಚಿತ್ರ ಹಾಕುತ್ತಾರಂತೆ, ನಾನು ಬರಲೇಬೇಕಂತೆ. ಕರೆದರು ಅನ್ನುವ ಖುಷಿಗಿಂತ ಭಯವೇ ದೊಡ್ಡದಾಗಿತ್ತು. ಅವ್ವನನ್ನು ಒಬ್ಬಳನ್ನೇ ಬಿಟ್ಟು ಹೋಗುವ ಹಾಗಿರಲಿಲ್ಲ. "ಅಜ್ಜೀನೂ ಕರ್ಕೊಂಡ್ ಬನ್ನಿ ಮೇಡಂ, ಕ್ಯಾಬ್ ಕಳಿಸ್ತೀನಿ" ಅಂದಳು ಹುಡುಗಿ. ನನ್ನ ಒಂದು ಚಿತ್ರವನ್ನೂ ಅವ್ವ ನೋಡಿದವಳಲ್ಲ. ಭಾನುವಾರ ಹಾಕುವ ಚಿತ್ರದಲ್ಲಿ ನಾನು ಕೆರೆಯಿಂದ ಒದ್ದೆ ಸೀರೆಯಲ್ಲಿ ಎದ್ದು ಬರುವ ಸೀನಿದೆ. ಇರುವ ಒಂದಿಷ್ಟು ಪ್ರೀತಿಯೂ ಹೋಗುತ್ತದೆ, ಬಾಲ್ಕನಿಯ ಒಲೆ ಎತ್ತಿಕೊಂಡು ಕೆ.ಆರ್. ಪುರದ ಮೂರನೇ ಮಹಡಿ ಹತ್ತುತ್ತಾಳೆ ಅಂತ ನಿದ್ದೆ ಬರಲಿಲ್ಲ. ಆದರೂ ಅವ್ವನಿಗೆ ಹೇಳಿದೆ.

"ಭಾಳ ಮಂದಿ ಬರ್ತಾರೇನ?" ಅಂತ ಮಾತ್ರ ಕೇಳಿದಳು.

"ಬರ್ತಾರಂತ."

ಭಾನುವಾರ ಬೆಳಿಗ್ಗೆ ನೋಡಿದರೆ ತನ್ನ ಇಳಕಲ್ ಸೀರೆ ಉಟ್ಟು, ಬಾಟಲಿ ತುಂಬಿಸಿಕೊಂಡು ನನಗಿಂತ ಮೊದಲೇ ಬಾಗಿಲಲ್ಲಿ ಕೂತಿದ್ದಳು.

ಮಹಡಿಯ ತುಂಬ ಹುಡುಗ ಹುಡುಗಿಯರು. ಕೆಲವರು ಕೆಂಪು ಸೀರೆ ಉಟ್ಟು ಬಂದಿದ್ದರು, ಒಬ್ಬ ಹುಡುಗನೂ ಉಟ್ಟಿದ್ದ. ಅವ್ವನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಚಿತ್ರ ಶುರುವಾಯಿತು. ರಬ್ಬರಿನ ಬಾವಲಿ ಹಾರಿತು, ಅದರ ದಾರ ಕಂಡಿತು, ಎಲ್ಲರೂ ನಕ್ಕರು. ನಾನು ಗಾಳಿಯಲ್ಲಿ ತೇಲಿದೆ, ಕೆಳಗೆ ತಳ್ಳುಗಾಡಿಯ ಚಕ್ರ ಕಂಡಿತು, ಮತ್ತೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಇದಕ್ಕೇ ಕರೆಸಿದರೇ, ಅದೂ ನಮ್ಮವ್ವನ ಮುಂದೆ? ಎದ್ದು ಹೋಗಿಬಿಡೋಣ ಅಂತ ಅವ್ವನ ಕೈ ಹಿಡಿದೆ. ಅವಳು ಕೈ ಕೊಡವಿಕೊಂಡಳು. ಕಣ್ಣು ತೆರೆಯ ಮೇಲೇ ಇತ್ತು.

ಕೆರೆಯ ಸೀನು ಬಂತು. ನಾನು ತಲೆ ತಗ್ಗಿಸಿದೆ, ಜೀವನದಲ್ಲಿ ಮೊದಲ ಸಲ. ತೆರೆಯ ಮೇಲಿನವಳು ತಗ್ಗಿಸಿರಲಿಲ್ಲ. ನೇರ ನೋಡುತ್ತ ನೀರಿನಿಂದ ಎದ್ದು ಬಂದು, ತನ್ನನ್ನು ಕೊಂದ ಜಮೀನ್ದಾರನ ಮುಂದೆ ನಿಂತು, ಮೂಗಿನಲ್ಲಿ ಸಣ್ಣಗೆ ನಗಲು ಶುರುಮಾಡಿದಳು. ಆಗ ಆ ಮಹಡಿಯಲ್ಲಿದ್ದ ಅಷ್ಟೂ ಹುಡುಗ ಹುಡುಗಿಯರು ಅವಳ ಜತೆ ನಕ್ಕರು. ಗೇಲಿಯಲ್ಲ ಅದು. ಹಾಡು ಬಾಯಿಪಾಠ ಇರುವವರು ಹಾಡುವ ಹಾಗೆ, ಎಲ್ಲಿ ಏರಬೇಕೋ ಅಲ್ಲಿ ಏರಿ, ಎಲ್ಲಿ ಉಸಿರು ಹಿಡಿಯಬೇಕೋ ಅಲ್ಲಿ ಹಿಡಿದು, ಕಿಟಕಿ ಅದುರುವ ಹಾಗೆ ನಕ್ಕರು.

ಅವ್ವ ನನ್ನ ಕಡೆ ಬಾಗಿದಳು. "ಏ, ಇದು ನನ್ನ ನಗಿ ಅದಲ್ಲ?"

"ಹೂಂ ಅವ್ವಾ. ನಿಂದೇ."

"ಕಳ್ಳಿ" ಅಂದಳು.

ಲೈಟು ಬಂತು. ಹುಡುಗಿ ನನ್ನನ್ನು ಮುಂದಕ್ಕೆ ಕರೆದಳು. ಅವರೆಲ್ಲ ಎದ್ದು ನಿಂತರು. ಚಪ್ಪಾಳೆ ನಿಲ್ಲಿಸಲೇ ಇಲ್ಲ. ನನಗೆ ಏನು ಮಾಡಬೇಕೋ ತೋಚದೆ ಕೈ ಮುಗಿದೆ, ಅವರೂ ಚಪ್ಪಾಳೆ ಬಿಟ್ಟು ಕೈ ಮುಗಿದರು. ಇಡೀ ಮಹಡಿ ಕೈ ಮುಗಿದು ನಿಂತಿತು. ಮೈಕು ಕೊಟ್ಟರು. ನನಗೆ ಬಂದದ್ದು ನನ್ನ ಭಾಷೆಯೇ. "ನಂಗ ಸಿನಿಮಾದಾಗ ಮಾತಾಡಲಕ ಬಿಡಲಿಲ್ಲರೀ. ಹಂಗಾಗಿ ಏನ ಮಾತಾಡ್ಬೇಕಂತ ಗೊತ್ತಾಗವಲ್ದು" ಅಂದೆ. ಅಷ್ಟು ಹೇಳಿ ಮೈಕು ವಾಪಸು ಕೊಟ್ಟೆ. ಅವರು ಮತ್ತೆ ಚಪ್ಪಾಳೆ ತಟ್ಟಿದರು.

ವಾಪಸು ಬರಲು ಕ್ಯಾಬ್ ಸಿಗದೆ ಆಟೋ ಹತ್ತಿದೆವು. ಇನ್ನೂ ಬಿಸಿಲಿತ್ತು. ಅವ್ವ ಹೊರಗೆ ನೋಡುತ್ತ ಕೂತಿದ್ದಳು. ಬಾಟಲಿ ಮಡಿಲಲ್ಲಿತ್ತು, ಮುಚ್ಚಳ ತೆಗೆದಿರಲಿಲ್ಲ. ಕೆರೆಯ ಸೀನು ನೆನೆದು ನಾನು ಅವಳ ಮುಖ ನೋಡುವ ಧೈರ್ಯ ಮಾಡಲಿಲ್ಲ. ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಕೇಳಿದಳು.

"ಮನ್ಯಾಗ ಹಿಟ್ಟ ಅದನ?"

"ನಿನ್ನ ಡಬ್ಬಿ ನಿನ್ನೇನ ಖಾಲಿ ಆಗ್ಯದ ಅವ್ವಾ. ದಾರ್ಯಾಗ ತಗೊಳ್ಳೋಣ."

"ನನ್ನ ಡಬ್ಬಿದು ಯಾರ್ ಕೇಳಿದ್ರು? ನಿನ್ನ ಡಬ್ಬ್ಯಾಗ ಅದನ ಇಲ್ಲ?"

ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಪೂರ್ತಿ ಅವಳ ಕಡೆ ತಿರುಗಿ ಕೂತೆ. ಅವಳೇ ಹೇಳಿದಳು.

"ಜೋಗುಪಾಳ್ಯದಾಗ ಆ ರೂಮಿನ ಮಂದಿ ನಿನ್ನ ಪಟ ನೋಡಿ ಒಂದ ಮಾತಂದ್ರು. ಏನಂತ ಕೇಳಬ್ಯಾಡ. ಆ ದಿನ ಮನಿಗಿ ಬಂದು ಹರಕಿ ಹೊತ್ತಿನಿ. ಮಂದಿ ಎದ್ದ ನಿಂತು ನನ್ನ ಮಗಳಿಗಿ ಕೈ ಮುಗೀಬೇಕು, ಅದನ್ನ ನಾ ಕಣ್ಣಾರ ನೋಡಬೇಕು, ಅಲ್ಲೀ ತನಕ ಆಕಿ ಅನ್ನ ನೀರು ಮುಟ್ಟಂಗಿಲ್ಲ ಅಂತ."

"ಅಯ್ಯೋ ಅವ್ವಾ! ಬದನೆಕಾಯಿ ಬಿಡ್ಬೇಕಿತ್ತು! ಮತ್ತೊಂದು ಬಿಡ್ಬೇಕಿತ್ತು! ನನ್ನ ಅನ್ನಾನೇ ಯಾಕ ಬಿಟ್ಟಿ?"

"ಜೀವಕ್ಕ ಬೇಕಾದ್ದು ಬಿಡಬೇಕು. ಬದನೀಕಾಯಿಗಿಂತ ನೀ ಹೆಚ್ಚು."

ನಾನು ಸುಮ್ಮನೆ ಅತ್ತೆ ಅಂತ ಬರೆದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಕೋಪ. ಆಟೋದಲ್ಲೇ ಕೂಗಾಡಿದೆ. ಇಷ್ಟು ವರ್ಷ ನನ್ನ ಹೊಟ್ಟೆ ಉರಿಸಿದೆಯಲ್ಲ, ನನ್ನನ್ನು ಕಂಡರೆ ನಿನಗೆ ಅಸಹ್ಯ ಅಂತ ನಾನು ಸತ್ತು ಸತ್ತು ಬದುಕಿದೆನಲ್ಲ, ಒಂದು ಮಾತು ಹೇಳಬಾರದಿತ್ತೇ ಅಂತ. ಆಟೋದವರು ಕನ್ನಡಿಯಲ್ಲಿ ನೋಡಿದರು. "ಅಮ್ಮಾ, ಎಲ್ಲಾ ಸರಿ ತಾನೇ?" ಅಂದರು.

"ನಿಮ್ಮ ಗಾಡಿ ನೀವ್ ನೋಡ್ರಿ" ಅಂದಳು ಅವ್ವ. ನನ್ನ ಕಡೆ ತಿರುಗಿ, "ಹೇಳಿದ್ರ ಹರಕಿ ಮುರೀತದ. ನಿನಗ ಗೊತ್ತಿಲ್ಲೇನು?" ಅಂದಳು. ಆಮೇಲೆ, ಸ್ವಲ್ಪ ಸಣ್ಣ ದನಿಯಲ್ಲಿ, "ನನಗೇನ್ ಹಸಿವು ಆಗಿದ್ದಿಲ್ಲಂತ ತಿಳಿದೀ?" ಅಂದಳು.

ಆಗ ಅತ್ತೆ.

ಮನೆಗೆ ಬಂದು ಹಿಟ್ಟು ಕಲಸಿದೆ. ರೊಟ್ಟಿ ತಟ್ಟುವ ಕೈ ಎಂದೋ ತಪ್ಪಿಹೋಗಿತ್ತು. ಮೊದಲನೆಯದು ಹಂಚಿಗೆ ಹಾಕುವಾಗಲೇ ಹರಿಯಿತು. ಎರಡನೆಯದು ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸೀದುಹೋಯಿತು. ಅವ್ವ ಬಾಲ್ಕನಿಯಿಂದ ತನ್ನ ಮಣೆ ತಂದು ನನ್ನ ಅಡುಗೆಮನೆಯ ನೆಲಕ್ಕೆ ಹಾಕಿ, ನೋಯುವ ಕಾಲು ಚಾಚಿ ಕೂತಿದ್ದಳು. ದೇವಿಯ ಪಟವನ್ನೂ ತಂದು ಡಬ್ಬಿಗಳ ಪಕ್ಕಕ್ಕೆ ಒರಗಿಸಿಟ್ಟಿದ್ದಳು.

ಹರಕೆ ಹೊತ್ತದ್ದು ಆ ಪಟದ ಮುಂದೆ. ಇನ್ನು ಮುಚ್ಚಿಡಲು ನನ್ನಿಂದ ಆಗಲಿಲ್ಲ.

"ಅವ್ವಾ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ನೀ ಇಷ್ಟು ದಿನ ಕೈ ಮುಗಿದ ಆ ದೇವಿ... ಆ ಮುಖ ನಂದು. ಸ್ಟುಡಿಯೋ ಸಾಬರು ನನ್ನ ಫೋಟೋ ಮ್ಯಾಲ ಕಿರೀಟ ಬರೆದ್ರು."

ಅವ್ವ ನನ್ನನ್ನು ನೋಡಿದಳು. ನಾಲಿಗೆ ಚಪ್ಪರಿಸಿದಳು, ದಡ್ಡರನ್ನು ಕಂಡಾಗ ಚಪ್ಪರಿಸುವ ಹಾಗೆ.

"ಹಡದಾಕಿಗಿ ಗೊತ್ತಾಗಂಗಿಲ್ಲೇನ? ಅದಕ್ಕ ಅಲ್ಲೇನ ಆ ಪಟ ಇಸ್ಕೊಂಡ ಬಂದಿದ್ದು? ಬ್ಯಾರೆ ದೇವ್ರು ಮಾಡ್ತಾರೋ ಬಿಡ್ತಾರೋ. ಈ ದೇವಿ ಭಾರಿ ಹಠಮಾರಿ, ಹಿಡದದ್ದು ಬಿಡಂಗಿಲ್ಲಂತ ನನಗ ಗೊತ್ತಿತ್ತು."

ನಾನು ಹಿಟ್ಟಿನ ಕೈಯಲ್ಲೇ ನಿಂತುಬಿಟ್ಟೆ. ಅವಳು ತಟ್ಟೆ ಎಳೆದುಕೊಂಡು, ಸೀದ ರೊಟ್ಟಿಯ ಒಳ್ಳೆಯ ಕಡೆಯಿಂದ ಒಂದು ತುಂಡು ಮುರಿದು, ಚಟ್ನಿಪುಡಿಯಲ್ಲಿ ಅದ್ದಿದಳು. ಹರಕೆ ತೀರಿದಾಗ ಮೊದಲ ತುತ್ತು ದೇವಿಗೆ. ತುತ್ತನ್ನು ಪಟದ ಕಡೆ ಎತ್ತಿ ಹಿಡಿದಳು. ಆಮೇಲೆ ನನ್ನ ಸೆರಗು ಜಗ್ಗಿ ನನ್ನನ್ನು ಪಕ್ಕಕ್ಕೆ ಕೂರಿಸಿ, ಆ ತುತ್ತನ್ನು ನನ್ನ ಬಾಯಿಗಿಟ್ಟಳು.

ಎರಡನೆಯ ತುತ್ತು ಅವಳು ತಿಂದಳು. ನಿಧಾನವಾಗಿ ಅಗಿದಳು. ನನ್ನ ಲೋಟ ಎತ್ತಿ ನನ್ನ ಮನೆಯ ನೀರು ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನಡು ದಪ್ಪ ಆಗ್ಯದ, ಅಂಚ ಸೀಳ್ಯಾವ" ಅಂದಳು. "ಏಳು, ಇನ್ನೊಂದು ತಟ್ಟು. ಹಸಿವ್ಯಾಗ್ಯದ."